ಡೆಕ್ಕನ್ ಕ್ವೀನ್‌ನಲ್ಲಿ ಓಡಾಡಿದ ಪಂಡಿತ

ಬೆಳಗ್ಗೆ ಡೊಂಬಿವಲಿ ನಿಲ್ದಾಣದಲ್ಲಿ ಲೋಕಲ್‌ಗೆ ಕಾಯುವ ನಮಗೆಲ್ಲ ಇದು ಗೊತ್ತಿರುವ ನೋಟ. ಘೋಷಣೆ ಕೇಳಿಸುತ್ತದೆ, ಎಲ್ಲರೂ ಹಳದಿ ಗೆರೆಯಿಂದ ಹಿಂದೆ ಸರಿಯುತ್ತೇವೆ, ಪುಣೆ ಕಡೆಯಿಂದ ಬಂದ ಗಾಡಿಯೊಂದು ನಿಲ್ಲದೆ ಧಡಧಡನೆ ಹಾದುಹೋಗುತ್ತದೆ. ಹಾಗೆ ಹಾದುಹೋಗುವ ಗಾಡಿಗಳಲ್ಲಿ ಡೆಕ್ಕನ್ ಕ್ವೀನ್ ಕೂಡ ಒಂದು. ಸ್ವಾತಂತ್ರ್ಯ ಬಂದ ಕಾಲದಲ್ಲಿ ಅದೇ ಗಾಡಿಯಲ್ಲಿ ವರ್ಷಗಟ್ಟಲೆ ಪುಣೆಯಿಂದ ಮುಂಬಯಿಗೆ ಕೆಲಸಕ್ಕೆ ಓಡಾಡಿದ ಒಬ್ಬ ಗಣಿತದ ಪ್ರಾಧ್ಯಾಪಕರಿದ್ದರು. ಕಲ್ಯಾಣ, ಡೊಂಬಿವಲಿ, ಠಾಣೆಗಳನ್ನು ಕಿಟಕಿಯಿಂದ ಅವರು ಎಷ್ಟು ಸಾವಿರ ಸಲ ನೋಡಿದ್ದರೋ! ಅವರ ಹೆಸರು ದಾಮೋದರ ಧರ್ಮಾನಂದ ಕೋಸಂಬಿ.

ನಾನು ಅವರ ಹೆಸರನ್ನು ಮೊದಲು ಕೇಳಿದ್ದು ಎರಡು ಬೇರೆ ಬೇರೆ ಕಡೆ. ಐರೋಲಿಯ ನಮ್ಮ ಆಫೀಸಿನಲ್ಲಿ ನನ್ನದು ದತ್ತಾಂಶ ವಿಶ್ಲೇಷಣೆಯ ಕೆಲಸ. ನೂರಾರು ಅಂಕಣಗಳಿರುವ ಮಾಹಿತಿಯಿಂದ ಮುಖ್ಯವಾದ ನಾಲ್ಕಾರು ಎಳೆಗಳನ್ನು ಬೇರ್ಪಡಿಸುವ ಒಂದು ಗಣಿತ ವಿಧಾನದ ಹಿನ್ನೆಲೆ ಓದುವಾಗ, ಆ ಹಾದಿಯಲ್ಲಿ ಮೊದಲೇ ನಡೆದವರಲ್ಲಿ ಒಬ್ಬರೆಂದು ಕೋಸಂಬಿ ಹೆಸರು ಸಿಕ್ಕಿತು. ಅದಾದ ಕೆಲವೇ ದಿನಗಳಲ್ಲಿ ಪಕ್ಕದ ಮನೆಯ ಆಗ್ರಿ ಸಮಾಜದ ಆಯಿ ಕಾರ್ಲಾದ ಏಕವೀರಾ ದೇವಿಯ ಪ್ರಸಾದ ತಂದು ನಮ್ಮ ಅತ್ತೆಗೆ ಕೊಟ್ಟರು. ಆ ದೇವಿಯ ಬಗ್ಗೆ ತಿಳಿಯೋಣವೆಂದು ಹುಡುಕಿದರೆ, ಈ ಭಾಗದ ಗ್ರಾಮದೇವತೆಗಳ ಬಗ್ಗೆ ಬರೆದ ಇತಿಹಾಸಕಾರ ಕೋಸಂಬಿ ಎಂದು ಬಂತು. ಇವರು ಬೇರೆ ಯಾರೋ ಇರಬೇಕು ಅಂದುಕೊಂಡೆ. ನೋಡಿದರೆ ಇಬ್ಬರೂ ಒಬ್ಬರೇ!

ಕೋಸಂಬಿ ಹುಟ್ಟಿದ್ದು 1907ರ ಜುಲೈ 31ರಂದು, ಗೋವೆಯಲ್ಲಿ. ಮನೆಮಾತು ಕೊಂಕಣಿ. ತಂದೆ ಧರ್ಮಾನಂದ ಕೋಸಂಬಿಯವರದೇ ಒಂದು ದೊಡ್ಡ ಕಥೆ. ಬೌದ್ಧ ಧರ್ಮವನ್ನು ಕಲಿಯಬೇಕೆಂಬ ಹಂಬಲದಿಂದ ಮನೆ ಬಿಟ್ಟು ಹೊರಟು, ಸಿಂಹಳ, ಬರ್ಮಾಗಳನ್ನು ಸುತ್ತಿ, ಪಾಲಿ ಭಾಷೆಯ ದೊಡ್ಡ ವಿದ್ವಾಂಸರಾದವರು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಅವರನ್ನು ಪಾಲಿ ಗ್ರಂಥವೊಂದರ ಸಂಪಾದನೆಗಾಗಿ ಕರೆಸಿಕೊಂಡಿತು. 1918ರಲ್ಲಿ ಅವರು ಹೊರಟಾಗ ಮಗಳು ಮಾಣಿಕ್, ಹನ್ನೊಂದು ವರ್ಷದ ಮಗ ದಾಮೋದರ ಜೊತೆಗೆ ಹೋದರು. ತಾಯಿ ಬಾಳಾಬಾಯಿ ಇಲ್ಲೇ ಉಳಿದರು. ಮಕ್ಕಳನ್ನು ಹಡಗು ಹತ್ತಿಸಿ ಕಳಿಸಿದ ಆ ತಾಯಿಯ ದಿನಗಳು ಹೇಗೆ ಕಳೆದವೋ ಎಂದು ನಾನು ಯೋಚಿಸುವುದುಂಟು.

ದಾಮೋದರ ಅಲ್ಲೇ ಶಾಲೆ ಓದಿ, ನಡುವೆ ಒಮ್ಮೆ ಊರಿಗೆ ಬಂದು, ಮತ್ತೆ ಹೋಗಿ ಹಾರ್ವರ್ಡ್ ಸೇರಿದರು. ಅಲ್ಲಿನ ಹೆಸರಾಂತ ಗಣಿತಜ್ಞ ಬರ್ಕಾಫ್ ಅವರು ಗಣಿತವೊಂದನ್ನೇ ಹಿಡಿದುಕೊಳ್ಳುವಂತೆ ಬುದ್ಧಿ ಹೇಳಿದ್ದರಂತೆ. ಹುಡುಗ ಕೇಳಲಿಲ್ಲ. ಭಾಷೆ, ಇತಿಹಾಸ, ವಿಜ್ಞಾನ ಎಂದು ಕೈಗೆ ಸಿಕ್ಕಿದ ವಿಷಯಗಳನ್ನೆಲ್ಲ ತೆಗೆದುಕೊಂಡರು, ಎಲ್ಲದರಲ್ಲೂ ಚೆನ್ನಾಗಿ ಮಾಡಿದರು. 1929ರಲ್ಲಿ ಅತ್ಯುನ್ನತ ಶ್ರೇಣಿಯ ಪದವಿಯೊಂದಿಗೆ ಭಾರತಕ್ಕೆ ಮರಳಿದರು.

ಮೊದಲು ಕಾಶಿ ಹಿಂದೂ ವಿಶ್ವವಿದ್ಯಾಲಯ, ಆಮೇಲೆ ಅಲೀಗಢ, 1930ರ ದಶಕದ ಮೊದಲ ವರ್ಷಗಳಿಂದ 1945ರ ವರೆಗೆ ಪುಣೆಯ ಫರ್ಗ್ಯುಸನ್ ಕಾಲೇಜು. ಎಲ್ಲ ಕಡೆಯೂ ಗಣಿತದ ಪಾಠ. 1931ರಲ್ಲಿ ನಳಿನಿ ಮಡಗಾಂವ್‌ಕರ್ ಅವರೊಡನೆ ಮದುವೆಯಾಯಿತು. ಮಾಯಾ, ಮೀರಾ ಎಂಬ ಇಬ್ಬರು ಹೆಣ್ಣುಮಕ್ಕಳಾದರು. 1945ರಲ್ಲಿ ಹೋಮಿ ಭಾಭಾ ಅವರು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಕಟ್ಟಿದಾಗ ಕೋಸಂಬಿಯವರನ್ನು ಅಲ್ಲಿಗೆ ಕರೆದರು. ಆ ಸಂಸ್ಥೆ ಶುರುವಾದದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಅದೇ ವರ್ಷ ಅದು ಮುಂಬಯಿಗೆ ಬಂತು. ಮನೆ ಪುಣೆಯಲ್ಲಿ, ಕೆಲಸ ಮುಂಬಯಿಯಲ್ಲಿ, ನಡುವೆ 192 ಕಿಲೋಮೀಟರ್. ಹೀಗೆ ಡೆಕ್ಕನ್ ಕ್ವೀನ್ ಅವರ ಎರಡನೇ ಓದುಕೋಣೆಯಾಯಿತು.

ಅವರು ಮಾಡಿದ ಕೆಲಸಗಳನ್ನು ಪಟ್ಟಿಯಂತೆ ಓದಿದರೆ ಐದಾರು ಜನರ ಬದುಕು ಅನ್ನಿಸುತ್ತದೆ. ಆದರೆ ಒಂದರಿಂದ ಇನ್ನೊಂದಕ್ಕೆ ಹೇಗೆ ಹೋದರು ಎಂದು ನೋಡಿದಾಗ ನನಗೆ ಬೇರೆಯೇ ಕಂಡಿತು. ಅವರು ವಿಷಯ ಬದಲಿಸುತ್ತಿರಲಿಲ್ಲ. ಹಿಡಿದ ಪ್ರಶ್ನೆಯ ಬೆನ್ನು ಬಿಡುತ್ತಿರಲಿಲ್ಲ, ಅಷ್ಟೇ.

ಗಣಿತದವರಾದ್ದರಿಂದ ಸಂಖ್ಯಾಶಾಸ್ತ್ರದ ಕಡೆ ಒಲವು ಬಂತು. ಅದನ್ನು ನಿಜವಾದ ವಸ್ತುವಿನ ಮೇಲೆ ಹಚ್ಚಿ ನೋಡಬೇಕಲ್ಲ? ಹಳೆಯ ಬೆಳ್ಳಿ ನಾಣ್ಯಗಳನ್ನು ಕೈಗೆತ್ತಿಕೊಂಡರು. ತಕ್ಷಶಿಲೆಯಲ್ಲಿ ಸಿಕ್ಕ ಮುದ್ರಾಂಕಿತ ನಾಣ್ಯಗಳ ಮೇಲೆ ರಾಜನ ಹೆಸರಿಲ್ಲ, ಇಸವಿ ಇಲ್ಲ. ಯಾವುದು ಮೊದಲಿನದು, ಯಾವುದು ಆಮೇಲಿನದು? ಕೋಸಂಬಿಯವರ ವಿಚಾರ ಸರಳವಾಗಿತ್ತು. ನಾಣ್ಯ ಕೈಯಿಂದ ಕೈಗೆ ದಾಟುತ್ತ ಸವೆಯುತ್ತದೆ. ಹೆಚ್ಚು ಕಾಲ ಚಲಾವಣೆಯಲ್ಲಿದ್ದ ನಾಣ್ಯಗಳ ಸರಾಸರಿ ತೂಕ ಕಡಿಮೆಯಾಗುತ್ತದೆ, ಒಂದಕ್ಕೊಂದು ತೂಕದ ವ್ಯತ್ಯಾಸ ಹೆಚ್ಚಾಗುತ್ತದೆ. ಇದು ನಿಜವೇ ಎಂದು ನೋಡಲು ತಮ್ಮ ಕಾಲದ ಚಿಲ್ಲರೆ ನಾಣ್ಯಗಳನ್ನೇ ಸಾವಿರಾರು ಸಂಖ್ಯೆಯಲ್ಲಿ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿದರು. ತರಕಾರಿಯವನು ಕೊಟ್ಟ ಸವೆದ ನಾಣ್ಯವನ್ನು ತಿರುಗಿಸಿ ನೋಡುವ ನಮಗೆ ಇದು ಅರ್ಥವಾಗದ ಮಾತೇನಲ್ಲ. ಅದನ್ನೇ ಅವರು ಶಾಸ್ತ್ರ ಮಾಡಿದರು.

ಆ ನಾಣ್ಯಗಳನ್ನು ಯಾರು ಹೊರಡಿಸಿದರು ಎಂಬ ಪ್ರಶ್ನೆ ಬಂದೊಡನೆ ಇತಿಹಾಸ ಬೇಕಾಯಿತು. ಇತಿಹಾಸದ ಮೂಲ ನೋಡಲು ಸಂಸ್ಕೃತ ಬೇಕಾಯಿತು. ಸಂಸ್ಕೃತವನ್ನು ಗಟ್ಟಿಮಾಡಿಕೊಳ್ಳಲು ಭರ್ತೃಹರಿಯ ಶತಕಗಳನ್ನು ಹಿಡಿದರೆ, ಒಂದೊಂದು ಪ್ರತಿಯಲ್ಲಿ ಒಂದೊಂದು ಪಾಠ! ಇವುಗಳಲ್ಲಿ ಭರ್ತೃಹರಿಯ ಪದ್ಯ ಎಷ್ಟು, ಸೇರಿಸಿದ್ದು ಎಷ್ಟು ಎಂದು ತಿಳಿಯಲು 300ಕ್ಕೂ ಹೆಚ್ಚು ಹಸ್ತಪ್ರತಿಗಳನ್ನು ಹೋಲಿಸಿ 1948ರಲ್ಲಿ ಶುದ್ಧ ಆವೃತ್ತಿಯನ್ನು ಪ್ರಕಟಿಸಿದರು. ಮುಂದೆ ವಿ. ವಿ. ಗೋಖಲೆಯವರ ಜೊತೆಗೂಡಿ ಸುಭಾಷಿತರತ್ನಕೋಶವನ್ನು ಸಂಪಾದಿಸಿದರು. ಹಾರ್ವರ್ಡ್‌ನ ಪ್ರಾಚ್ಯ ಗ್ರಂಥಮಾಲೆಯಲ್ಲಿ ತಂದೆ ದುಡಿದ ವಿಸುದ್ಧಿಮಗ್ಗ 41ನೆಯ ಸಂಪುಟ, ಮಗನ ಸುಭಾಷಿತರತ್ನಕೋಶ 42ನೆಯದು. ಕಪಾಟಿನಲ್ಲಿ ಅಪ್ಪ, ಮಗ ಅಕ್ಕಪಕ್ಕ ಕುಳಿತಂತೆ.

ಈ ನಡುವೆ ಗಣಿತ ನಿಂತಿರಲಿಲ್ಲ. ನಾನು ಆಫೀಸಿನಲ್ಲಿ ಕಂಡ ವಿಧಾನದ ಬೀಜವಿರುವ ಅವರ ಲೇಖನ 1943ರದು. ಅದೇ ವಿಚಾರವನ್ನು ಕೆಲವು ವರ್ಷಗಳ ನಂತರ ಸ್ವತಂತ್ರವಾಗಿ ಕಂಡುಕೊಂಡ ಕಾರುನೆನ್ ಮತ್ತು ಲೊಯೆವ್ ಅವರ ಹೆಸರೇ ಪಠ್ಯಪುಸ್ತಕಗಳಲ್ಲಿ ಉಳಿಯಿತು. 1944ರಲ್ಲಿ ಅವರು ಬರೆದ ಇನ್ನೊಂದು ಲೇಖನ ತಳಿವಿಜ್ಞಾನದ್ದು. ವರ್ಣತಂತುವಿನ ಮೇಲೆ ಎರಡು ಜೀನ್‌ಗಳು ಎಷ್ಟು ದೂರದಲ್ಲಿವೆ ಎಂಬುದನ್ನು, ಅವು ಮುಂದಿನ ಪೀಳಿಗೆಗೆ ಎಷ್ಟು ಸಲ ಬೇರೆಯಾಗಿ ಹೋಗುತ್ತವೆ ಎಂಬುದರಿಂದ ಅಂದಾಜು ಮಾಡುವ ಸೂತ್ರ. ಕೋಸಂಬಿ ಸೂತ್ರವೆಂದೇ ಹೆಸರಾದ ಅದನ್ನು ಬೆಳೆಗಳ ತಳಿ ಸುಧಾರಣೆ ಮಾಡುವವರು ಇಂದಿಗೂ ಬಳಸುತ್ತಾರೆ.

ಇತಿಹಾಸಕ್ಕೆ ಗ್ರಂಥ ಸಾಲದು, ಕಾಲೂ ಬೇಕು ಎಂಬುದು ಅವರ ಮುಂದಿನ ಹೆಜ್ಜೆ. ಕೋಲು ಹಿಡಿದು ಪುಣೆಯ ಗುಡ್ಡಗಳನ್ನು ಹತ್ತಿ, ಶಿಲಾಯುಗದ ಉಗುರಿನಷ್ಟೇ ದೊಡ್ಡ ಕಲ್ಲಿನ ಸಲಕರಣೆಗಳನ್ನು ಆರಿಸಿ ತಂದರು. ಆ ಕಲ್ಲುಗಳು ಸಿಗುವ ಹಳೆಯ ಕಾಲುದಾರಿಗಳಲ್ಲಿ, ಕವಲು ಕೂಡುವಲ್ಲಿ, ಸಿಂಧೂರ ಬಳಿದ ದೇವಿಯ ಗುಂಡುಗಳು ಇರುವುದನ್ನು ಗಮನಿಸಿದರು. ಮೃಚ್ಛಕಟಿಕ ನಾಟಕದಲ್ಲಿ ಚಾರುದತ್ತನು ನಾಲ್ಕು ದಾರಿ ಕೂಡುವಲ್ಲಿ ಮಾತೃದೇವತೆಯರಿಗೆ ಬಲಿ ಇಡಿಸುವ ಪ್ರಸಂಗವಿದೆಯಲ್ಲ, ಅದಕ್ಕೂ ಹಳ್ಳಿಯ ಹೆಂಗಸರು ಇಂದಿಗೂ ನಡೆಸುವ ಪೂಜೆಗೂ ನಂಟು ಹುಡುಕಿದರು. ಗಂಡನಿಲ್ಲದೆ ಒಬ್ಬಳೇ ನೆಲೆನಿಂತ ಈ ದೇವಿಯರು, ಊರುಗಳು ಹುಟ್ಟುವ ಮೊದಲು ಅಲೆಯುತ್ತಿದ್ದ ಜನರ ಕಾಲದವರಿರಬೇಕು ಎಂದು ವಾದಿಸಿದರು. ನನ್ನ ತವರು ಶಿರಸಿ. ಮಾರಿಕಾಂಬೆಯ ಜಾತ್ರೆ ನೋಡಿ ಬೆಳೆದವಳಾದರೂ, ಅಜ್ಜಿ ಮಾಡುವ ಪೂಜೆಯೂ ಇತಿಹಾಸದ ದಾಖಲೆ ಆಗಬಹುದೆಂದು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ.

1956ರಲ್ಲಿ ಬಂದ ಅವರ ಭಾರತೀಯ ಇತಿಹಾಸ ಅಧ್ಯಯನದ ಗ್ರಂಥ ಈ ದೇಶದಲ್ಲಿ ಇತಿಹಾಸ ಬರೆಯುವ ಕ್ರಮವನ್ನೇ ಬದಲಿಸಿತು. ಅರಸರ ವಂಶಾವಳಿಗಿಂತ ಜನ ಹೇಗೆ ಉತ್ತು ಬಿತ್ತಿ ಉಂಡರು ಎಂಬುದು ಅವರಿಗೆ ಮುಖ್ಯವಾಗಿತ್ತು. ಮಾರ್ಕ್ಸ್‌ನ ವಿಚಾರಗಳನ್ನು ಒಪ್ಪಿದವರು, ಆದರೆ ಇಲ್ಲಿನ ನೆಲಕ್ಕೆ ಹೊಂದದಿದ್ದನ್ನು ಕಣ್ಣುಮುಚ್ಚಿ ಒಪ್ಪಿದವರಲ್ಲ.

ನಾವು ಓಡಾಡುವ ಈ ದಾರಿಯೂ ಅವರ ಇತಿಹಾಸದಲ್ಲಿ ಬರುತ್ತದೆ. ಕಲ್ಯಾಣ ಪ್ರಾಚೀನ ಕಾಲದ ಬಂದರು. ಅಲ್ಲಿನ ವರ್ತಕರ ದಾನಗಳು ಕಾನ್ಹೇರಿಯ ಶಾಸನಗಳಲ್ಲಿವೆ. ಅಲ್ಲಿಂದ ಸರಕು ಘಟ್ಟ ಹತ್ತಿ ದಖ್ಖನಿಗೆ ಹೋಗುತ್ತಿತ್ತು. ಘಟ್ಟದ ಮೇಲಿನ ದಾರಿಯಲ್ಲೇ ಕಾರ್ಲಾದ ಬೌದ್ಧ ಗುಹೆಗಳು, ಅವುಗಳ ಬಾಗಿಲಲ್ಲೇ ಏಕವೀರಾ. ಬೌದ್ಧ ವಿಹಾರಗಳು ಊರಿಂದ ದೂರ ಧ್ಯಾನಕ್ಕಾಗಿ ಮಾತ್ರ ಇದ್ದವಲ್ಲ, ವ್ಯಾಪಾರದ ಹಾದಿಗೆ ಆಸರೆಯೂ ಆಗಿದ್ದವು ಎಂದು ಕೋಸಂಬಿ ತೋರಿಸಿದರು. ಕಾರ್ಲಾದ ಮಹಾಚೈತ್ಯವನ್ನು ಮಾಡಿಸಿದವನು ವೈಜಯಂತಿಯ ಭೂತಪಾಲನೆಂಬ ಶ್ರೇಷ್ಠಿ ಎಂದು ಅಲ್ಲಿಯ ಶಾಸನವಿದೆ. ವೈಜಯಂತಿ ಎಂದರೆ ನಮ್ಮ ಬನವಾಸಿ! ಕನ್ನಡ ನಾಡಿನಿಂದ ಈ ಕಡೆಗೆ ದುಡಿಯಲು ಬಂದವರಲ್ಲಿ ನಾವು ಮೊದಲಿಗರೇನಲ್ಲ.

ಕೋಸಂಬಿಯವರ ಬದುಕಿನಲ್ಲಿ ಸೋಲೂ ಇತ್ತು. ಅದನ್ನು ಬಿಟ್ಟು ಹೇಳಿದರೆ ಕಥೆ ಅರ್ಧವಾಗುತ್ತದೆ. 1959ರಲ್ಲಿ, ಅವಿಭಾಜ್ಯ ಸಂಖ್ಯೆಗಳಿಗೆ ಸಂಬಂಧಿಸಿದ ರೀಮನ್ ಊಹೆಯನ್ನು ಸಾಧಿಸಿದೆನೆಂದು ಹೇಳುವ ಲೇಖನವನ್ನು ಕೃಷಿ ಸಂಖ್ಯಾಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಇಂದಿಗೂ ಯಾರೂ ಬಿಡಿಸಲಾಗದ ಸಮಸ್ಯೆ ಅದು. ಅವರ ಸಾಧನೆಯಲ್ಲಿ ದೋಷವಿತ್ತು. ಗಣಿತಜ್ಞರ ನಡುವೆ ಅವರ ಹೆಸರಿಗೆ ಪೆಟ್ಟು ಬಿತ್ತು. ಸ್ವಭಾವವೂ ಮೃದುವಲ್ಲ, ತಪ್ಪೆನಿಸಿದ್ದನ್ನು ಮುಖಕ್ಕೆ ಹೊಡೆದಂತೆ ಹೇಳುವವರು. ದೇಶವೆಲ್ಲ ಅಣುಶಕ್ತಿಯ ಕನಸು ಕಾಣುತ್ತಿದ್ದಾಗ, ಇಷ್ಟು ಬಿಸಿಲಿರುವ ನಾಡಿಗೆ ಸೌರಶಕ್ತಿಯೇ ತಕ್ಕದ್ದು ಎಂದು ವಾದಿಸಿದವರು. 1962ರಲ್ಲಿ ಟಾಟಾ ಸಂಸ್ಥೆಯೊಂದಿಗಿನ ಅವರ ಒಪ್ಪಂದ ಮುಂದುವರಿಯಲಿಲ್ಲ. ಡೆಕ್ಕನ್ ಕ್ವೀನ್ ಪ್ರಯಾಣ ನಿಂತಿತು, ಬರವಣಿಗೆ ನಿಲ್ಲಲಿಲ್ಲ. ಗ್ರಾಮದೇವತೆಗಳ ಅಧ್ಯಯನವಿರುವ ಪುಸ್ತಕ ಬಂದದ್ದು ಅದೇ 1962ರಲ್ಲಿ, ಪ್ರಾಚೀನ ಭಾರತದ ಸಂಸ್ಕೃತಿಯ ಕುರಿತ ಪುಸ್ತಕ 1965ರಲ್ಲಿ. 1966ರ ಜೂನ್ 29ರಂದು ಪುಣೆಯ ಮನೆಯಲ್ಲಿ ನಿದ್ರೆಯಲ್ಲೇ ತೀರಿಕೊಂಡರು. 59 ತುಂಬಲು ಇನ್ನೊಂದು ತಿಂಗಳಿತ್ತು. ಅಂಚೆ ಇಲಾಖೆ 2008ರಲ್ಲಿ ಅವರ ಅಂಚೆಚೀಟಿ ಹೊರಡಿಸಿತು.

ಮಹಿಳಾ ವೇದಿಕೆಯವರಾದ ನಾವು ಇಲ್ಲೊಂದು ಪ್ರಶ್ನೆ ಕೇಳದೆ ಇರಲಾಗದು. ಬೆಳಗಾದರೆ ರೈಲು, ರಜೆ ಬಂದರೆ ಗುಡ್ಡ ಎನ್ನುವ ಯಜಮಾನರ ಮನೆಯಲ್ಲಿ ಒಲೆ ಉರಿಸಿ, ಮಕ್ಕಳ ಜ್ವರ ನೋಡಿ, ಬಂದವರಿಗೆ ಚಹ ಕೊಟ್ಟವರು ಯಾರು? ನಳಿನಿಯವರ ಹೆಸರಿನಲ್ಲಿ ಯಾವ ಸೂತ್ರವೂ ಇಲ್ಲ. ಆದರೆ ಆ ಮನೆಯ ಕಿರಿಯ ಮಗಳು ಮೀರಾ ಕೋಸಂಬಿ ದೊಡ್ಡ ಸಮಾಜಶಾಸ್ತ್ರಜ್ಞೆಯಾದರು. ಮುಂಬಯಿ ಬೆಳೆದ ಬಗೆಯನ್ನು ಅಧ್ಯಯನ ಮಾಡಿದರು, ಎಸ್‌ಎನ್‌ಡಿಟಿ ವಿಶ್ವವಿದ್ಯಾಲಯದ ಮಹಿಳಾ ಅಧ್ಯಯನ ಕೇಂದ್ರದ ಮುಖ್ಯಸ್ಥೆಯಾದರು. ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರ ಬರಹಗಳನ್ನು ಇಂಗ್ಲಿಷಿಗೆ ತಂದರು. ಅಜ್ಜನ ಆತ್ಮಕಥೆಯನ್ನೂ ಅನುವಾದಿಸಿದರು. ಅಪ್ಪ ದೇವಿಯರ ಕಲ್ಲುಗಳನ್ನು ಹುಡುಕಿದರೆ, ಮಗಳು ಮರೆತುಹೋದ ಹೆಂಗಸರ ಮಾತುಗಳನ್ನು ಹುಡುಕಿದರು. 2015ರಲ್ಲಿ ಅವರೂ ತೀರಿಕೊಂಡರು.

ನನ್ನ ಫೋನಿನಲ್ಲಿ ಅಜ್ಜಿ ಹಾಡಿದ ಹಾಡುಗಳ ನಲವತ್ತು ಧ್ವನಿಮುದ್ರಣಗಳಿವೆ. ಬೀಸುವಾಗಿನ ಹಾಡು, ಮಾರಿಕಾಂಬೆಯ ಹಾಡು, ಮದುವೆಯ ಹಾಡು. ಅಜ್ಜಿ ಈಗಿಲ್ಲ. ನಾನು ಜಾನಪದ ಓದಿದವಳಲ್ಲ, ಇದು ನನ್ನ ವಿಷಯವಲ್ಲ ಎಂದು ಐದು ವರ್ಷ ಅವನ್ನು ಮುಟ್ಟಿರಲಿಲ್ಲ. ಆಫೀಸಿನಲ್ಲೂ ಒಂದೇ ಕೌಶಲ ಹಿಡಿದು ಬೆಳೆಯಬೇಕು ಎಂಬುದೇ ಬುದ್ಧಿವಾದ. ಕೋಸಂಬಿಯವರನ್ನು ಓದಿದ ಮೇಲೆ, ಠಾಣೆಯಿಂದ ಐರೋಲಿಗೆ ಹೋಗುವ ಲೋಕಲಿನಲ್ಲಿ ಕೂರಲು ಜಾಗ ಸಿಕ್ಕ ದಿನ ಒಂದೊಂದೇ ಹಾಡು ಕೇಳಿ ಬರೆದುಕೊಳ್ಳತೊಡಗಿದೆ. ಯಾವ ಊರು, ಯಾವ ಸಂದರ್ಭ, ಯಾರಿಂದ ಕಲಿತದ್ದು ಎಂಬುದಕ್ಕೆ ಒಂದೊಂದು ಅಂಕಣ. ಅಷ್ಟು ಮಾಡಲು ನನ್ನ ಕೆಲಸದ ವಿದ್ಯೆಯೇ ಸಾಕು. ಅರ್ಥ ಹೇಳುವ ಮೊದಲು ಮಾತ್ರ ಬಲ್ಲವರಿಗೆ ತೋರಿಸುತ್ತೇನೆ. ಆ ಎಚ್ಚರವನ್ನೂ ಕೋಸಂಬಿಯವರ ಸೋಲಿನಿಂದಲೇ ಕಲಿತೆ.

ಇಲ್ಲಿಯವರೆಗೆ ಹನ್ನೊಂದು ಹಾಡು ಆಗಿವೆ. ನಮ್ಮ ವೇದಿಕೆಯ ಹಿರಿಯರಲ್ಲಿ ಬೀಸುವ ಹಾಡು ನೆನಪಿರುವವರಿದ್ದರೆ ದಯವಿಟ್ಟು ಹೇಳಿ. ಭಾನುವಾರ ಫೋನ್ ಹಿಡಿದು ನಾನೇ ನಿಮ್ಮ ಮನೆಗೆ ಬರುತ್ತೇನೆ.