ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ

ಮನೆಯಲ್ಲಿ ಕೊಂಕಣಿ ಇಲ್ಲವೇ ತುಳು, ಶಾಲೆಯಲ್ಲಿ ಕನ್ನಡ: ಕರಾವಳಿಯ ನಮಗೆ ಇದು ರೂಢಿ. ಬೀದರ್ ಸೀಮೆಯಲ್ಲಿ ಕನ್ನಡ, ಮರಾಠಿ, ತೆಲುಗು ಆಡುವ ಮಕ್ಕಳಿಗೆಲ್ಲ ನಿಜಾಮನ ಕಾಲದಲ್ಲಿ ಅಕ್ಷರ, ಲೆಕ್ಕ ಕಲಿಯಲು ಉರ್ದುವೇ ಮುಖ್ಯ ದಾರಿಯಾಗಿತ್ತು. ಅಂದಿನ ಔರಾದ್ ತಾಲೂಕಿನ ಕಮಲನಗರದಲ್ಲಿ ಹುಟ್ಟಿದ, ಭಾಲ್ಕಿ ಹಿರೇಮಠದ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರು ಒಂದು ಉಪಾಯ ಹೂಡಿದರು. ಶಾಲೆಯ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಸಿಕ್ಕಿಬೀಳುವ ಭಯ ಇದ್ದೇ ಇತ್ತು. ಉರ್ದುವಿನ ಮೇಲಿನ ಹಗೆಯಿಂದ ಹೀಗೆ ಮಾಡಿದರೆಂದು ನಮಗನಿಸುವುದಿಲ್ಲ. ತಾಯಿ ಆಡುವ ಮಾತಿನಲ್ಲೇ ಮಗು ಮೊದಲ ಅಕ್ಷರ ತಿದ್ದಲಿ ಎಂಬುದೇ ಅವರ ಹಟ. ಬಡಮಕ್ಕಳಿಗೆ ಮಠದಲ್ಲೇ ಊಟ, ವಸತಿ ಕೊಟ್ಟರು. 1936ರಲ್ಲಿ ಶಾಂತಿವರ್ಧಕ ವಿದ್ಯಾಸಂಸ್ಥೆ ಕಟ್ಟಿದರು. 1956ರಲ್ಲಿ ಬೀದರ್ ಕನ್ನಡ ನಾಡಿಗೆ ಸೇರಿದ್ದನ್ನು ಕಣ್ಣಾರೆ ಕಂಡ ಈ ಶತಾಯುಷಿ 1999ರಲ್ಲಿ ಲಿಂಗೈಕ್ಯರಾದರು.