ಎಚ್.ವಿ. ನಂಜುಂಡಯ್ಯ ಮತ್ತು ತೌಲನಿಕ ಸಮುದಾಯ ಅಧ್ಯಯನ: ಮಧುಗಿರಿ ಸೀಮೆಯ ನೆಲೆಯಿಂದ ಒಂದು ಪುನರವಲೋಕನ

ಎಚ್.ವಿ. ನಂಜುಂಡಯ್ಯನವರ (1860-1920) ಹೆಸರು ಕನ್ನಡದ ಸಾಂಸ್ಕೃತಿಕ ಚರಿತ್ರೆಯಲ್ಲಿ ಎರಡು ಸಂಸ್ಥೆಗಳೊಂದಿಗೆ ಬೆಸೆದುಕೊಂಡಿದೆ. 1915ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡ ಕರ್ಣಾಟಕ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರು ಅವರು. 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳೂ ಅವರೇ. ಈ ಎರಡು ಪದವಿಗಳ ಬೆಳಕಿನಲ್ಲಿ ಅವರ ಮೂರನೆಯ ಕಾರ್ಯಕ್ಷೇತ್ರವಾದ ಜನಾಂಗ ಅಧ್ಯಯನವು ಸಾಕಷ್ಟು ಚರ್ಚೆಗೆ ಬಂದಿಲ್ಲ. ಸಮಾಜವಿಜ್ಞಾನಗಳಲ್ಲಿ ತೌಲನಿಕ ಸಂಶೋಧನೆಯನ್ನು ರೂಪಿಸುವ ಪ್ರಶ್ನೆಯ ದೃಷ್ಟಿಯಿಂದ ಈ ಕ್ಷೇತ್ರವೇ ಮಹತ್ವದ್ದಾಗಿದೆ.

ಎಂ.ಎ. ಹಾಗೂ ಎಂ.ಎಲ್. ಪದವೀಧರರಾಗಿದ್ದ ನಂಜುಂಡಯ್ಯನವರು ಮೈಸೂರು ಸಂಸ್ಥಾನದ ನ್ಯಾಯಾಂಗ ಸೇವೆಗೆ ಸೇರಿ, ಚೀಫ್ ಕೋರ್ಟಿನ ನ್ಯಾಯಾಧೀಶರ ಸ್ಥಾನಕ್ಕೇರಿದರು. ಮುಂದೆ ಸಂಸ್ಥಾನದ ಆಡಳಿತ ಮಂಡಲಿಯ ಸದಸ್ಯರಾದರು. ಕನ್ನಡದಲ್ಲಿ ಅರ್ಥಶಾಸ್ತ್ರವನ್ನು ಕುರಿತು ಗ್ರಂಥ ರಚಿಸಿದ ಮೊದಲಿಗರ ಸಾಲಿನಲ್ಲಿ ಅವರಿದ್ದಾರೆ. ದಾಯಭಾಗ, ದತ್ತಕ, ಕೂಡಾವಳಿ ಮುಂತಾದ ವ್ಯಾಜ್ಯಗಳಲ್ಲಿ ನ್ಯಾಯಾಧೀಶನು ಶಾಸ್ತ್ರದ ವಿಧಿಯನ್ನಷ್ಟೇ ಅಲ್ಲದೆ ಆಯಾ ಕುಲದ ರೂಢಿಯನ್ನೂ ತಿಳಿಯಬೇಕಾಗಿತ್ತು. ಅವರ ಜನಾಂಗ ಅಧ್ಯಯನವನ್ನು ಈ ವೃತ್ತಿಯ ಹಿನ್ನೆಲೆಯಿಂದ ಬೇರ್ಪಡಿಸಿ ನೋಡಲಾಗದು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತ ಸರ್ಕಾರವು ರಿಸ್ಲೆಯ ಮಾರ್ಗದರ್ಶನದಲ್ಲಿ ಜನಾಂಗ ಸಮೀಕ್ಷೆಯನ್ನು ಕೈಗೊಂಡಿತು. ಮೈಸೂರಿನಲ್ಲಿ ಅದರ ಹೊಣೆ ನಂಜುಂಡಯ್ಯನವರ ಪಾಲಿಗೆ ಬಂತು. ಉತ್ಪತ್ತಿಕಥೆ, ಒಳಪಂಗಡ, ಬೆಡಗು, ಜನನ, ವಿವಾಹ, ವಿಧವಾವಿವಾಹ, ವಿಚ್ಛೇದನ, ಮರಣ, ದೈವ, ಕಸುಬು ಎಂಬ ಸಮಾನ ಶೀರ್ಷಿಕೆಗಳ ಅಡಿಯಲ್ಲಿ ಪ್ರತಿ ಜಾತಿಯ ವಿವರವನ್ನು ಸಂಗ್ರಹಿಸುವುದು ಈ ಕಾರ್ಯದ ವಿನ್ಯಾಸವಾಗಿತ್ತು. ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಕೇಳಿದಾಗ ಮಾತ್ರ ಉತ್ತರಗಳ ವ್ಯತ್ಯಾಸಕ್ಕೆ ಅರ್ಥ ಬರುತ್ತದೆ ಎಂಬ ತೌಲನಿಕ ವಿಧಾನದ ಮೂಲತತ್ವ ಇಲ್ಲಿದೆ. ಹೀಗೆ ಸಿದ್ಧವಾದ 34 ಕಿರುಸಂಚಿಕೆಗಳನ್ನು ಅವರು ಪ್ರಾಥಮಿಕ ಸಂಚಿಕೆಗಳೆಂದೇ ಹೆಸರಿಸಿ ಪ್ರಕಟಿಸಿದರು. ತೀರ್ಪು ಬರೆಯುವುದು ವೃತ್ತಿಯಾಗಿದ್ದ ವ್ಯಕ್ತಿ ಇಲ್ಲಿ ಅಂತಿಮ ತೀರ್ಪನ್ನು ಕಾದಿರಿಸಿದರೆಂಬುದು ಗಮನಾರ್ಹ.

ಈ ವಿನ್ಯಾಸದ ಶಕ್ತಿ ಮತ್ತು ಮಿತಿಗಳೆರಡನ್ನೂ ಪರಿಶೀಲಿಸಲು ತುಮಕೂರು ಜಿಲ್ಲೆಯ ಉತ್ತರ ಭಾಗ ತಕ್ಕ ನೆಲೆಯಾಗಿದೆ. ಅಂದು ಮದ್ದಗಿರಿ ಎನಿಸಿದ್ದ ಮಧುಗಿರಿ, ಅದಕ್ಕೆ ಹೊಂದಿಕೊಂಡ ಕೊರಟಗೆರೆ, ಮೊಗಲರ ಸುಬಾದ ಕೇಂದ್ರವಾಗಿದ್ದ ಸಿರಾ, ಬಹುಪಾಲು ಆಂಧ್ರದ ಸೀಮೆಯಿಂದ ಸುತ್ತುವರಿದ ಪಾವಗಡ ಇವೆಲ್ಲ ಮಳೆ ಕಡಿಮೆಯ, ಪಶುಪಾಲನೆಯ ನಾಡುಗಳು. ಗೊಲ್ಲರಲ್ಲಿ ಊರುಗೊಲ್ಲ ಮತ್ತು ಕಾಡುಗೊಲ್ಲ, ಬೇಡರಲ್ಲಿ ಊರುಬೇಡ ಮತ್ತು ಮ್ಯಾಸಬೇಡ ಎಂಬ ಭೇದಗಳಿವೆ. ಹೆಸರೊಂದೇ ಆದರೂ ಇವರ ನಡುವೆ ಕೊಳುಕೊಡೆ ಇರಲಿಲ್ಲ. ಕಾಡುಗೊಲ್ಲರು ಬಾಣಂತಿಯನ್ನು ಹಟ್ಟಿಯ ಹೊರಗಿನ ಗುಡಿಸಿಲಿನಲ್ಲಿ ಇರಿಸುತ್ತಿದ್ದರು. ಇಂತಹ ಸೂತಕದ ಕಟ್ಟುಗಳು ಜಾತಿಯ ಒಳಗಿನ ಭಿನ್ನತೆಯನ್ನು ತೋರುತ್ತವೆ. ಸಮಾನ ಶೀರ್ಷಿಕೆಗಳಿದ್ದುದರಿಂದಲೇ ಈ ಭಿನ್ನತೆ ದಾಖಲಾಗಲು ಅವಕಾಶವಾಯಿತು.

ಆದರೆ ಗೊಲ್ಲರದು ಒಂದು ಸಂಚಿಕೆ, ಬೇಡರದು ಮತ್ತೊಂದು. ಕಾಡುಗೊಲ್ಲರಿಗೂ ಮ್ಯಾಸಬೇಡರಿಗೂ ಹಟ್ಟಿಯ ವಾಸ, ದೇವರ ಎತ್ತುಗಳ ಆರಾಧನೆ, ಪಶುಪಾಲಕ ವೀರರ ಕಥನ ಪರಂಪರೆ ಸಮಾನವಾದವು. ಜಾತಿಯನ್ನು ತುಲನೆಯ ಘಟಕವಾಗಿ ಆರಿಸಿಕೊಂಡಾಗ ಪ್ರದೇಶ ಹಿಂದೆ ಸರಿಯಿತು. ನೆರೆಹಟ್ಟಿಗಳ ಸಾಮ್ಯವನ್ನು ಹೇಳಲು ಪ್ರತ್ಯೇಕ ಶೀರ್ಷಿಕೆ ಉಳಿಯಲಿಲ್ಲ. ಪ್ರಶ್ನಾವಳಿಯ ದೋಷಕ್ಕಿಂತ ಘಟಕದ ಆಯ್ಕೆಯ ಪರಿಣಾಮ ಇದು.

ನಂಜುಂಡಯ್ಯನವರು 1920ರಲ್ಲಿ ಕುಲಪತಿಯಾಗಿದ್ದಾಗಲೇ ನಿಧನರಾದರು. ಅವರ ಸಾಮಗ್ರಿಯನ್ನು ಆಧರಿಸಿ, ಹೊಸ ವಿವರಗಳನ್ನು ಸೇರಿಸಿ, ಎಲ್.ಕೆ. ಅನಂತಕೃಷ್ಣ ಅಯ್ಯರ್ ಸಮೀಕ್ಷೆಯನ್ನು ಪೂರ್ಣಗೊಳಿಸಿದರು. ಮೈಸೂರಿನ ಬುಡಕಟ್ಟು ಮತ್ತು ಜಾತಿಗಳನ್ನು ಕುರಿತ ನಾಲ್ಕು ಇಂಗ್ಲಿಷ್ ಸಂಪುಟಗಳು 1928ರಿಂದ 1935ರ ಅವಧಿಯಲ್ಲಿ ಇಬ್ಬರ ಹೆಸರಿನಲ್ಲಿಯೂ ಪ್ರಕಟವಾದವು. ಪ್ರಾಥಮಿಕವೆಂಬ ವಿಶೇಷಣ ಅಲ್ಲಿಗೆ ಕಳಚಿಕೊಂಡಿತು. ಮರುಪರಿಶೀಲನೆಗೆ ತೆರೆದಿದ್ದ ವಿವರಗಳು ಆಕರಗ್ರಂಥದ ಪ್ರಾಮಾಣ್ಯ ಪಡೆದವು.

ಇದು ಕೇವಲ ಗ್ರಂಥಚರಿತ್ರೆಯ ಸಂಗತಿಯಲ್ಲ. 1991ರಲ್ಲಿ ಬೇಡ, ವಾಲ್ಮೀಕಿ ಮೊದಲಾದ ಹೆಸರುಗಳು ನಾಯಕ ಸಮುದಾಯದೊಂದಿಗೆ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಸ್ಪಷ್ಟವಾಗಿ ಸೇರಿದವು. ಕಾಡುಗೊಲ್ಲರು ಆಗ ಹೊರಗುಳಿದರು. ಮುಂದಿನ ದಶಕಗಳಲ್ಲಿ ಅದೇ ಮಾನ್ಯತೆಗಾಗಿ ಬೇಡಿಕೆ ಮಂಡಿಸಿದರು. ಒಂದೇ ಬಗೆಯ ಬದುಕಿನ ಎರಡು ಹಟ್ಟಿಗಳು ಎರಡು ಪಟ್ಟಿಗಳಿಗೆ ಸೇರಿದ ಈ ಸನ್ನಿವೇಶದಲ್ಲಿ, ಯಾವುದನ್ನು ಯಾವುದರೊಂದಿಗೆ ಹೋಲಿಸಲಾಗಿದೆ ಎಂಬ ಪ್ರಶ್ನೆ ಜನರ ಶಿಕ್ಷಣ, ಉದ್ಯೋಗಗಳನ್ನು ಮುಟ್ಟುತ್ತದೆ. ನಂಜುಂಡಯ್ಯನವರ ಸಂಚಿಕೆಗಳನ್ನು ಅವರೇ ಇಟ್ಟ ಹೆಸರಿಗೆ ಅನುಗುಣವಾಗಿ, ಪ್ರಾಥಮಿಕ ದಾಖಲೆಗಳಾಗಿ ಓದಿ, ಸಿರಾ ಮತ್ತು ಪಾವಗಡದ ಹಟ್ಟಿಗಳ ಕ್ಷೇತ್ರಕಾರ್ಯದೊಡನೆ ತಾಳೆ ನೋಡುವುದು ಅವರ ವಿಧಾನಕ್ಕೆ ಸಲ್ಲಿಸಬಹುದಾದ ನ್ಯಾಯವಾಗಿದೆ.