ಎಲ್ಲವನ್ನೂ ಅಳೆದ ಮೇರಿ ಕ್ಯೂರಿ ಅಳೆಯದೆ ಬಿಟ್ಟದ್ದು

ಆಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ ಕೆಲಸ ಮಾಡುವವರ ಎದೆಯ ಮೇಲೆ ಒಂದು ಪುಟ್ಟ ಬಿಲ್ಲೆ ಇರುವುದನ್ನು ನೀವು ಗಮನಿಸಿದ್ದೀರಾ? ಅವರ ಮೈಗೆ ಎಷ್ಟು ವಿಕಿರಣ ತಗುಲಿತೆಂದು ಲೆಕ್ಕವಿಡುವ ಸಾಧನವದು. ವಿಕಿರಣವನ್ನು ಅಳೆಯಲು ಜಗತ್ತಿಗೆ ಕಲಿಸಿದವರಲ್ಲಿ ಮೊದಲಿಗರಾದ ಮೇರಿ ಕ್ಯೂರಿಯವರಿಗೆ ಮಾತ್ರ ಅಂಥ ಬಿಲ್ಲೆ ಇರಲಿಲ್ಲ.

1867ರ ನವೆಂಬರ್ 7ರಂದು ಪೋಲೆಂಡಿನ ವಾರ್ಸಾದಲ್ಲಿ ಹುಟ್ಟಿದ ಮೇರಿ, ಹತ್ತನೆಯ ವಯಸ್ಸಿನಲ್ಲೇ ತಾಯಿಯನ್ನು ಕ್ಷಯರೋಗಕ್ಕೆ ಕಳೆದುಕೊಂಡರು. ಅಕ್ಕ ಪ್ಯಾರಿಸಿನಲ್ಲಿ ವೈದ್ಯಳಾಗಲೆಂದು ಪರರ ಮನೆಯ ಮಕ್ಕಳಿಗೆ ಪಾಠ ಹೇಳಿ ಹಣ ಕಳಿಸಿದರು. ತಮ್ಮ ಸರದಿ ಬಂದದ್ದು 1891ರಲ್ಲಿ. ಪ್ಯಾರಿಸಿನಲ್ಲಿ ಓದಿ, 1895ರಲ್ಲಿ ವಿಜ್ಞಾನಿ ಪಿಯರೆ ಕ್ಯೂರಿಯವರನ್ನು ಮದುವೆಯಾದರು.

ಯುರೇನಿಯಂ ಕಾಣದ ಕಿರಣಗಳನ್ನು ಸೂಸುತ್ತದೆಂದು ಬೆಕ್ವೆರೆಲ್ 1896ರಲ್ಲಿ ಕಂಡುಕೊಂಡಿದ್ದರು. ಆ ಕಿರಣಗಳು ಗಾಳಿಯಲ್ಲಿ ಅತಿ ಸೂಕ್ಷ್ಮವಾದ ವಿದ್ಯುತ್ತನ್ನು ಹರಿಯಿಸುತ್ತವೆ. ಪಿಯರೆ ತಮ್ಮ ಅಣ್ಣನೊಡನೆ ಕಂಡುಹಿಡಿದಿದ್ದ ತತ್ವದ ಉಪಕರಣದಿಂದ ಮೇರಿ ಅದನ್ನು ಅಳೆದರು. ಯುರೇನಿಯಂ ಅದಿರು ಶುದ್ಧ ಯುರೇನಿಯಂಗಿಂತ ಹೆಚ್ಚು ಕಿರಣ ಸೂಸುತ್ತಿತ್ತು. ಹಾಗಾದರೆ ಅದರೊಳಗೆ ಬೇರೇನೋ ಇರಲೇಬೇಕಲ್ಲವೇ? ಹೀಗೆ 1898ರಲ್ಲಿ ಪೊಲೋನಿಯಂ, ರೇಡಿಯಂಗಳು ಪತ್ತೆಯಾದವು. ಸೋರುವ ಶೆಡ್ಡಿನಲ್ಲಿ ಟನ್‌ಗಟ್ಟಲೆ ಅದಿರನ್ನು ಕುದಿಸಿ, ಕಲಕಿ, 1902ರ ವೇಳೆಗೆ ಗ್ರಾಮಿನ ಹತ್ತನೆಯ ಒಂದು ಭಾಗದಷ್ಟು ರೇಡಿಯಂ ಲವಣ ಪಡೆದರು. ಅದರ ಪೇಟೆಂಟ್ ಪಡೆದು ಹಣ ಮಾಡಲು ಆ ದಂಪತಿಗಳು ಒಪ್ಪಲಿಲ್ಲ.

ರೇಡಿಯಂ ಮೈಯನ್ನು ಸುಡುತ್ತದೆಂದು ಅವರಿಗೆ ಗೊತ್ತಿತ್ತು. ಪಿಯರೆ ಅದನ್ನು ಸ್ವಂತ ತೋಳಿಗೆ ಕಟ್ಟಿಕೊಂಡು, ಎದ್ದ ಹುಣ್ಣನ್ನು ದಿನದಿನವೂ ಗಮನಿಸಿ 1901ರಲ್ಲಿ ವರದಿ ಮಾಡಿದರು. ಕ್ಯಾನ್ಸರ್ ಗಡ್ಡೆಗೆ ವಿಕಿರಣ ಚಿಕಿತ್ಸೆಯ ದಾರಿ ತೆರೆಯಲು ಇಂಥ ಪ್ರಯೋಗಗಳು ನೆರವಾದವು. ಆದರೆ ಚರ್ಮದ ಕೆಳಗೆ, ಎಲುಬಿನ ಮಜ್ಜೆಯಲ್ಲಿ ಸದ್ದಿಲ್ಲದೆ ಆಗುತ್ತಿದ್ದ ಹಾನಿಯನ್ನು ಅಳೆಯುವವರು ಆಗ ಇರಲಿಲ್ಲ.

1903ರಲ್ಲಿ ನೊಬೆಲ್ ಪ್ರಶಸ್ತಿ ಬಂತು. 1906ರಲ್ಲಿ ಪಿಯರೆ ಕುದುರೆಗಾಡಿಗೆ ಸಿಕ್ಕಿ ತೀರಿಕೊಂಡರು. ಇಬ್ಬರು ಹೆಣ್ಣುಮಕ್ಕಳ ತಾಯಿಯಾದ ಮೇರಿ ಎದೆಗುಂದಲಿಲ್ಲ. 1911ರಲ್ಲಿ ಎರಡನೆಯ ನೊಬೆಲ್ ಪಡೆದರು. ಅದೇ ವರ್ಷ ಸುಮಾರು 22 ಮಿಲಿಗ್ರಾಂ ರೇಡಿಯಂ ಕ್ಲೋರೈಡನ್ನು ಗಾಜಿನ ಕೊಳವೆಯಲ್ಲಿ ಮುಚ್ಚಿ, ಜಗತ್ತಿಗೆಲ್ಲ ಅಳತೆಯ ಮಾದರಿ ಸಿದ್ಧಪಡಿಸಿದರು. ಮೊದಲ ಮಹಾಯುದ್ಧದಲ್ಲಿ ಹಿರಿಯ ಮಗಳು ಐರೀನಳೊಡನೆ ಎಕ್ಸ್-ರೇ ವಾಹನಗಳಲ್ಲಿ ಗಾಯಾಳುಗಳ ಸೇವೆಗೆ ನಿಂತರು.

ಮುಂದೆ ತಮ್ಮ ಪ್ರಯೋಗಾಲಯದವರಿಗೆ ರಕ್ತಪರೀಕ್ಷೆ ಮಾಡಿಸುತ್ತಿದ್ದ ಮೇರಿ, ತಮ್ಮ ವಿಷಯದಲ್ಲಿ ಅಷ್ಟು ಎಚ್ಚರ ವಹಿಸಲಿಲ್ಲ. ಬೆರಳ ತುದಿಗಳು ಒರಟಾದವು, ಕಣ್ಣಿಗೆ ಪೊರೆ ಬಂತು. ಮಜ್ಜೆ ಬತ್ತಿ ರಕ್ತ ಉತ್ಪತ್ತಿಯಾಗದೆ 1934ರ ಜುಲೈ 4ರಂದು ತೀರಿಕೊಂಡರು. 1995ರಲ್ಲಿ ಅವರ ಸಮಾಧಿ ತೆರೆದು ಪರೀಕ್ಷಿಸಿದ ವಿಜ್ಞಾನಿಗಳಿಗೆ, ಯುದ್ಧಕಾಲದ ಎಕ್ಸ್-ರೇಗಳೇ ಹೆಚ್ಚಿನ ಹಾನಿ ಮಾಡಿರಬಹುದೆಂದು ತೋರಿತು. ರಕ್ತದ ಕ್ಯಾನ್ಸರ್‌ನಿಂದ ಐರೀನ್ ತೀರಿಕೊಂಡದ್ದು 1956ರಲ್ಲಿ. ಮೇರಿಯವರ ಟಿಪ್ಪಣಿ ಪುಸ್ತಕಗಳು ಇಂದಿಗೂ ಕಿರಣ ಸೂಸುತ್ತಿವೆ.

ನಮ್ಮ ಮನೆಗಳಲ್ಲೂ ಎಲ್ಲರ ಜ್ವರ ಮುಟ್ಟಿ ನೋಡಿ, ತಮ್ಮ ನೋವನ್ನು ಮಾತ್ರ ನುಂಗಿಕೊಳ್ಳುವ ತಾಯಂದಿರಿಲ್ಲವೇ? ಅವರ ತ್ಯಾಗವನ್ನು ಹೊಗಳಿದರೆ ಸಾಲದು. ಅವರ ದಣಿವನ್ನು ನಾವು ಗಮನಿಸಬೇಕು. ಇಂದೇ ಒಮ್ಮೆ ವಿಚಾರಿಸಿ ನೋಡಿ.